ಸೇರಿದವರೆಷ್ಟು, ಮುಗಿಸಿದವರೆಷ್ಟು

ಆ ಭಾನುವಾರ ಬೆಳಿಗ್ಗೆ ಅತ್ತೆ ತಮ್ಮ ಮಗಳ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಒಂದು ಲೋಟ ಇಡುವುದಕ್ಕೂ ಜಾಗವಿರಲಿಲ್ಲ. ಕಾಲೇಜುಗಳ ಮಾಹಿತಿ ಪುಸ್ತಕಗಳು, ಅರ್ಜಿ ನಮೂನೆಗಳು, ಅಂಕಪಟ್ಟಿಯ ನಕಲುಗಳು ಮೇಜಿನ ತುಂಬ ಹರಡಿದ್ದವು. ಅಳಿಯ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಅವುಗಳ ಮುಂದೆ ಕೂತಿದ್ದ.

“ಮೊಮ್ಮಗಳಿಗೆ ಈಗಲೇ ಕಾಲೇಜು ಹುಡುಕ್ತಿದೀರಾ? ಅವಳಿನ್ನೂ ಒಂಬತ್ತನೇ ಕ್ಲಾಸು” ಅಂದರು ಅತ್ತೆ.

“ಅವಳಿಗಲ್ಲ ಅತ್ತೆ. ನನಗೆ.”

ಅಡುಗೆಮನೆಯಿಂದ ಮಗಳು ಇಣುಕಿದಳು. “ಅಮ್ಮಾ, ನಗಬೇಡ.”

“ನಾನ್ಯಾಕೆ ನಗಲಿ? ಯಾವ ಕೋರ್ಸು ಅಂತ ಕೇಳೋಣ ಅಂತಿದ್ದೆ.”

“ಎಂ.ಎಸ್ಸಿ. ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆ” ಎಂದ ಅಳಿಯ. ಅಷ್ಟುದ್ದದ ಹೆಸರನ್ನು ಅವನು ಒಂದೇ ಉಸಿರಿಗೆ, ಕಮಾಂಡರ್ ಎದುರು ವರದಿ ಒಪ್ಪಿಸುವ ಹಾಗೆ ಹೇಳಿದ. “ಮಣ್ಣು, ನೀರು, ಕಾಡು, ಹುಲ್ಲುಗಾವಲು. ಇರೋದನ್ನ ಉಳಿಸೋದು ಹೇಗೆ, ಹಾಳಾಗಿದ್ದನ್ನ ಸರಿ ಮಾಡೋದು ಹೇಗೆ ಅಂತ.”

ಅತ್ತೆ ಕೈಚೀಲ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದುಕೊಂಡರು. ಅರ್ಜಿ ನಮೂನೆ ಕಂಡರೆ ಅವರಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಒಂದು ಕಾಲೇಜಿನ ಪ್ರವೇಶ ವಿಭಾಗದ ಕೌಂಟರಿನಲ್ಲಿ ಕೂತು, ಅರ್ಧ ತುಂಬಿದ ಅರ್ಜಿಗಳನ್ನು ವಾಪಸು ಕೊಡುತ್ತ, “ಸಹಿ ಎಲ್ಲಿ? ಫೋಟೋ ಎಲ್ಲಿ?” ಎಂದು ಎರಡು ತಲೆಮಾರನ್ನು ಗದರಿಸಿ ನಿವೃತ್ತರಾದವರು ಅವರು. ಕೌಂಟರಿನ ಆಚೆ ಕಡೆ ಏನು ಹೇಳುತ್ತಾರೆ, ಈಚೆ ಕಡೆ ಏನು ನಡೆಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಎಲ್ಲಾ ಪುಸ್ತಕದ ಮೇಲೂ ‘ಮಾಜಿ ಸೈನಿಕ ಸ್ನೇಹಿ’ ಅಂತ ಬರೆದಿದಾರಲ್ಲ” ಅಂದರು ಅವರು ಪುಟ ತಿರುವುತ್ತ. “ಇದರಲ್ಲಂತೂ ಹಾಳೆಗೊಂದು ಬಾವುಟ.”

“ಅದಕ್ಕೇ ತಲೆ ಕೆಟ್ಟುಹೋಗಿದೆ. ಯಾವುದು ನಿಜ, ಯಾವುದು ಬರೀ ಬಣ್ಣ ಅಂತ ಗೊತ್ತಾಗ್ತಿಲ್ಲ.”

“ಕೂತಲ್ಲೇ ಗೊತ್ತಾಗಲ್ಲ ಅಳಿಯಂದ್ರೇ. ಹೋಗಿ ನೋಡ್ಬೇಕು. ನಾನೂ ಬರ್ತೀನಿ.”

ಮಗಳು ಅಡುಗೆಮನೆಯಲ್ಲೇ ನಕ್ಕಳು. ನಗಬೇಡ ಅಂದವಳು ಅವಳೇ.

ಅಳಿಯ ಸೈನ್ಯದಲ್ಲಿ ಇಪ್ಪತ್ತೊಂದು ವರ್ಷ ಇದ್ದವನು. ಅದರಲ್ಲಿ ಹದಿನಾರು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ನೆಲದೊಳಗೆ ಹೂತಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವುದು. ಹೊಟ್ಟೆ ಅಡಿಯಾಗಿ ಮಲಗಿ, ತೆಳ್ಳನೆಯ ಸರಳನ್ನು ಓರೆಯಾಗಿ ಮಣ್ಣಿಗೆ ಇಳಿಸುತ್ತ, ಅಂಗುಲ ಅಂಗುಲವಾಗಿ ಮುಂದೆ ಹೋಗುವ ಕೆಲಸ ಅದು. ಒಂದು ಕೋಣೆಯಷ್ಟು ಜಾಗ ಮುಗಿಸಲು ಒಮ್ಮೊಮ್ಮೆ ಇಡೀ ದಿನ ಹಿಡಿಯುತ್ತಿತ್ತು. ಬಿಡುವಿನಲ್ಲಿ, ಬ್ಯಾರಕ್ಕಿನ ಮಂಚದ ಮೇಲೆ ಕೂತು, ಅಂಚೆಯ ಮೂಲಕ ಓದಿ ಬಿ.ಎಸ್ಸಿ. ಮಾಡಿಕೊಂಡಿದ್ದ. ಮೂರು ವರ್ಷದ ಪದವಿಗೆ ಏಳು ವರ್ಷ ಬೇಕಾಯಿತು. ಪರೀಕ್ಷೆಯ ದಿನವೇ ಬೇರೆ ಕಡೆ ಕಳಿಸಿಬಿಟ್ಟರೆ ಏನು ಮಾಡುವುದು?

ಮಣ್ಣಿನ ವಿಷಯ ಅವನ ತಲೆಗೆ ಹತ್ತಿದ್ದು ಒಂದು ಗುಡ್ಡದಿಂದ. ಗಡಿಯ ಹತ್ತಿರದ ಆ ಗುಡ್ಡವನ್ನು ಅವನ ತಂಡ ಎಂಟು ತಿಂಗಳು ದುಡಿದು ಶುಚಿ ಮಾಡಿತ್ತು. ಬಾಂಬು ಕಾಣಬೇಕಾದರೆ ಗಿಡಗಂಟಿ ಇರಬಾರದು. ಹಾಗಾಗಿ ಪೊದೆ, ಹುಲ್ಲು ಎಲ್ಲವನ್ನೂ ಸವರಿ, ಸುಟ್ಟು, ಬೋಳು ಮಾಡಿದ್ದರು. ಕೊನೆಯ ದಿನ ಕೆಳಗಿನ ಹಳ್ಳಿಯವರು ಮೇಲೆ ಬಂದು, ಇಪ್ಪತ್ತು ವರ್ಷದ ನಂತರ ತಮ್ಮ ನೆಲದ ಮೇಲೆ ಕಾಲಿಟ್ಟು ಅತ್ತಿದ್ದರು. ಎರಡು ಮಳೆಗಾಲ ಕಳೆದು ಅದೇ ದಾರಿಯಲ್ಲಿ ಲಾರಿಯಲ್ಲಿ ಹೋಗುವಾಗ ಅವನು ತಲೆ ಹೊರಹಾಕಿ ನೋಡಿದ. ಗುಡ್ಡದಲ್ಲಿ ಮಣ್ಣೇ ಇರಲಿಲ್ಲ. ಹಿಡಿದುಕೊಳ್ಳಲು ಬೇರಿಲ್ಲದೆ ಎಲ್ಲ ತೊಳೆದುಹೋಗಿ, ಬಿಳಿ ಕಲ್ಲು ಎದ್ದು ಕಾಣುತ್ತಿತ್ತು. ‘ಅವರಿಗೆ ನೆಲ ಬಿಡಿಸಿಕೊಟ್ಟೆವು, ಮಣ್ಣು ಉಳಿಸಿಕೊಡಲಿಲ್ಲ’ ಎಂದು ಅವನು ಹೆಂಡತಿಗೆ ಬರೆದ ಕಾಗದ ಅವಳ ಬಳಿ ಇನ್ನೂ ಇದೆ.

ಅವನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಅವನ ಎಡಗಿವಿ ಕೇಳಿಸುತ್ತಿರಲಿಲ್ಲ. ಒಂದು ಬಾಂಬು ಇವರು ಎಣಿಸಿದ್ದಕ್ಕಿಂತ ಮೊದಲೇ ಸಿಡಿದು ಆದದ್ದು. ಸೈನ್ಯದಲ್ಲಿ ಬಾಯಿಬಿಟ್ಟರೆ ಉಗ್ರಾಣದ ಕೆಲಸಕ್ಕೆ ಹಾಕುತ್ತಾರೆಂದು ಮುಚ್ಚಿಟ್ಟುಕೊಂಡಿದ್ದ. ವೈದ್ಯಕೀಯ ತಪಾಸಣೆಯಲ್ಲಿ ಸಿಕ್ಕಿಬಿದ್ದ ಮೇಲೆ ನಿವೃತ್ತಿ ಕೊಟ್ಟರು. ಆದರೆ ಮುಚ್ಚಿಡುವ ಅಭ್ಯಾಸ ಮಾತ್ರ ಉಳಿದುಬಿಟ್ಟಿತ್ತು. ಹೆಂಡತಿ, ಮಗಳು, ಅತ್ತೆ ಬಿಟ್ಟರೆ ಹೊರಗಿನವರು ಯಾರಿಗೂ ಹೇಳುತ್ತಿರಲಿಲ್ಲ.

ಮೊದಲು ಹೋದದ್ದು ಹತ್ತಿರದ ಕಾಲೇಜಿಗೆ. ಮನೆಯಿಂದ ಅರ್ಧ ಗಂಟೆ ಬಸ್ಸು, ಅಷ್ಟೇ. ಗಾಜಿನ ಕಟ್ಟಡ, ಹೊಳೆಯುವ ನೆಲ. ಬಾಗಿಲಲ್ಲೇ ‘ನಮ್ಮ ಸೈನಿಕರಿಗೆ ಸ್ವಾಗತ’ ಎಂಬ ಆಳೆತ್ತರದ ಫಲಕ. ಸಂಪರ್ಕಾಧಿಕಾರಿ ಓಡಿಬಂದು ಕೈಕುಲುಕಿದರು. ಅಳಿಯನನ್ನು ಆ ಫಲಕದ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದರು.

“ಪದಕ ತಂದಿದ್ದೀರಾ ಸಾರ್? ಹಾಕ್ಕೊಂಡಿದ್ರೆ ಚೆನ್ನಾಗಿತ್ತು.”

“ಅರ್ಜಿ ಕೊಡೋಕೆ ಬಂದಿದ್ದು” ಎಂದ ಅಳಿಯ.

ಮೂರನೇ ಮಹಡಿಯಲ್ಲಿ ಮಾಜಿ ಸೈನಿಕರ ಕೋಣೆ ಎಂದು ಪುಸ್ತಕದಲ್ಲಿತ್ತು. ಅತ್ತೆ ಅದನ್ನು ನೋಡಲೇಬೇಕೆಂದರು. ಬೀಗ ಹಾಕಿತ್ತು. ಬೀಗದ ಕೈ ಯಾರ ಹತ್ತಿರ ಇದೆಯೆಂದು ಮೂರು ಜನರನ್ನು ಕೇಳಿದರೂ ಗೊತ್ತಾಗಲಿಲ್ಲ. ಕಿಟಕಿಯ ಗಾಜಿನಿಂದ ಇಣುಕಿದ ಅತ್ತೆಗೆ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು ಕಂಡವು.

ಆಮೇಲೆ ಸಂದರ್ಶನ. ಉದ್ದನೆಯ ಮೇಜು, ಆಚೆ ನಾಲ್ವರು. ಎಡಗಡೆ ಕೊನೆಯಲ್ಲಿ ಕೂತಿದ್ದ ಪ್ರಾಧ್ಯಾಪಕರು ಮೆಲ್ಲಗೆ ಕೇಳಿದರು: “ಬರದ ಬಗ್ಗೆ ಏನು ಹೇಳ್ತೀರಿ?”

ಅಳಿಯನಿಗೆ ಅದು ಬರಹ ಎಂದು ಕೇಳಿಸಿತು. “ಅಷ್ಟೇನೂ ಚೆನ್ನಾಗಿಲ್ಲ ಸಾರ್. ಆದ್ರೆ ಓದೋ ಹಾಗಿದೆ. ಬೇಕಾದ್ರೆ ಟೈಪ್ ಮಾಡಿ ಕೊಡ್ತೀನಿ.”

ನಾಲ್ವರೂ ನಕ್ಕರು. ಕೆಟ್ಟ ನಗುವೇನಲ್ಲ, ತಮಾಷೆ ಮಾಡಿದನೆಂದೇ ಅಂದುಕೊಂಡಿರಬೇಕು. ಅಳಿಯನೂ ನಕ್ಕ. ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ಅತ್ತೆ ಮಾತ್ರ ಅವನ ಕತ್ತು ಕೆಂಪಗಾದದ್ದನ್ನು ಕಂಡರು.

ಹೊರಡುವ ಮುಂಚೆ ಅತ್ತೆ ಸಂಪರ್ಕಾಧಿಕಾರಿಯನ್ನು ತಡೆದು ನಿಲ್ಲಿಸಿದರು. “ಒಂದು ಪ್ರಶ್ನೆ. ಈ ಕೋರ್ಸಿಗೆ ಇಲ್ಲಿವರೆಗೂ ಎಷ್ಟು ಜನ ಮಾಜಿ ಸೈನಿಕರು ಸೇರಿದಾರೆ?”

“ತುಂಬಾ ಜನ ಮೇಡಂ! ಪ್ರತಿ ವರ್ಷ!”

“ಮುಗಿಸಿದವರೆಷ್ಟು?”

ಅವರ ನಗು ಹಾಗೇ ನಿಂತಿತು. “ಆ ಅಂಕಿಅಂಶ... ಇಮೇಲ್ ಮಾಡ್ತೀವಿ.”

ಬಸ್ಸಿನಲ್ಲಿ ಅತ್ತೆ ಹೇಳಿದರು: “ನಮ್ಮ ಕಾಲೇಜಲ್ಲೂ ಹೀಗೇ ಇತ್ತು. ಸೇರಿಸಿಕೊಳ್ಳೋವಾಗ ಬ್ಯಾಂಡು ಬಾಜಾ. ಮಧ್ಯದಲ್ಲಿ ಬಿಟ್ಟುಹೋದವರ ಹೆಸರಿಗೆ ಕೆಂಪು ಗೆರೆ ಎಳೆಯೋದು ನನ್ನ ಕೆಲಸ. ಎಷ್ಟು ಗೆರೆ ಎಳೆದಿದೀನೋ!” ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಅಂದರು: “ಕಿವಿ ವಿಷಯ ಹೇಳಿಬಿಡಿ ಇನ್ಮೇಲೆ. ಹೇಳಿದ್ರೆ ಏನೂ ಕಳಕೊಳ್ಳಲ್ಲ.”

ಅಳಿಯ ಬಸ್ಸಿನ ಟಿಕೆಟನ್ನು ಮಡಿಸುತ್ತ, ಬಿಚ್ಚುತ್ತ ಕೂತ. ಅತ್ತೆ ಅವನ ಬಲಗಡೆಯೇ ಕೂತಿದ್ದರು, ಕೇಳಿಸಲಿಲ್ಲ ಎನ್ನುವಂತಿರಲಿಲ್ಲ.

ಎರಡನೆಯ ಕಾಲೇಜಿಗೆ ಹೋಗಲೇ ಇಲ್ಲ. ಫೋನಿನಲ್ಲೇ ಮುಗಿಯಿತು. ಅಲ್ಲಿನ ವಿಭಾಗದ ಮುಖ್ಯಸ್ಥರು ಬಹಳ ಆದರದಿಂದ ಮಾತಾಡಿದರು. ದೇಶಕ್ಕಾಗಿ ಇಷ್ಟು ಮಾಡಿದವರನ್ನು ಮತ್ತೆ ಬಿಸಿಲಲ್ಲಿ ಯಾಕೆ ನಿಲ್ಲಿಸೋಣ ಎಂದರು. ಹೊಲ ಕಾಡುಗಳಲ್ಲಿ ಮಾಡುವ ಅಭ್ಯಾಸಗಳಿಂದ ಪೂರ್ತಿ ವಿನಾಯಿತಿ, ಹಾಜರಾತಿ ನಾವೇ ನೋಡಿಕೊಳ್ಳುತ್ತೇವೆ, ಪರೀಕ್ಷೆಗೆ ಬಂದರೆ ಸಾಕು ಎಂದರು. ಅಳಿಯ ತುಂಬ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟ. ಆಮೇಲೆ ಅಂಗಳಕ್ಕೆ ಹೋಗಿ, ಕೆಟ್ಟೇ ಇರದ ಸೈಕಲ್ಲನ್ನು ಬಿಚ್ಚಿ ರಿಪೇರಿ ಮಾಡತೊಡಗಿದ.

“ಏನಾಯ್ತು?” ಎಂದು ಹೆಂಡತಿ ಕೇಳಿದಳು.

“ಡಿಗ್ರಿ ಕೊಡ್ತಾರಂತೆ. ಕಲಿಸಲ್ವಂತೆ.”

ಮೂರನೆಯ ಕಾಲೇಜು ನಾಲ್ಕು ಗಂಟೆ ದೂರ. ಪುಸ್ತಕವೂ ಬಡಕಲು, ಬಾವುಟವಿಲ್ಲ, ಬಣ್ಣವಿಲ್ಲ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಸೇನೆಯಿಂದ ಬಂದವರು ಈ ನಂಬರಿಗೆ ಫೋನ್ ಮಾಡಿ’ ಎಂದಿತ್ತು. ಮಾಡಿದರೆ ಒಂದು ಹೆಂಗಸಿನ ದನಿ ಎತ್ತಿಕೊಂಡು, “ಗುರುವಾರ ಬನ್ನಿ. ಅವತ್ತು ನಾವೆಲ್ಲ ಜೌಗಿನಲ್ಲಿರ್ತೀವಿ. ಹಳೇ ಬೂಟು ಹಾಕ್ಕೊಂಡು ಬನ್ನಿ” ಎಂದಿತ್ತು.

ಬಸ್ ನಿಲ್ದಾಣಕ್ಕೆ ಆಕೆಯೇ ಜೀಪು ತಂದಿದ್ದಳು. ನೌಕಾಪಡೆಯಲ್ಲಿ ಹನ್ನೆರಡು ವರ್ಷ ರೇಡಿಯೋ ನಡೆಸಿ, ಇದೇ ಕಾಲೇಜಿನಲ್ಲಿ ಇದೇ ಪದವಿ ಮಾಡಿ, ಈಗ ಅಲ್ಲೇ ಸೇನೆಯಿಂದ ಬಂದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತಿದ್ದವಳು. ವಿದ್ಯಾರ್ಥಿಗಳು ಅವಳನ್ನು ಹಡಗಿನಕ್ಕ ಎಂದು ಕರೆಯುತ್ತಿದ್ದರು. ಅತ್ತೆ ಜೀಪು ಹತ್ತಿ ಸೀಟಿನಲ್ಲಿ ಸರಿಯಾಗಿ ಕೂರುವ ಮೊದಲೇ ತಮ್ಮ ಪ್ರಶ್ನೆ ಕೇಳಿಬಿಟ್ಟರು.

“ಸೇರಿದವರೆಷ್ಟು, ಮುಗಿಸಿದವರೆಷ್ಟು?”

ಹಡಗಿನಕ್ಕ ಗೇರು ಬದಲಿಸುತ್ತ ಹೇಳಿದಳು: “ಹದಿನಾಲ್ಕು ಜನ ಸೇರಿದ್ರು. ಒಂಬತ್ತು ಜನ ಮುಗಿಸಿದ್ರು, ನನ್ನೂ ಸೇರಿಸಿ. ಇಬ್ರು ಈಗ ಓದ್ತಿದಾರೆ. ಮೂವರು ಬಿಟ್ರು.”

“ಯಾಕೆ ಬಿಟ್ರು?”

“ಒಬ್ರಿಗೆ ಕೆಲಸ ಸಿಕ್ತು. ಒಬ್ರ ಮನೇಲಿ ಕಾಯಿಲೆ. ಇನ್ನೊಬ್ರು ಬಿಟ್ಟಿದ್ದು ನಮ್ಮ ತಪ್ಪು. ಮೊದಲೆಲ್ಲ ಮಣ್ಣಿನ ಪದರ ನೋಡೋಕೆ ಕಲ್ಲು ಕ್ವಾರಿಗೆ ಕರ್ಕೊಂಡು ಹೋಗ್ತಿದ್ವಿ. ಅಲ್ಲಿ ಬಂಡೆ ಸಿಡಿಸ್ತಾರೆ. ಅವರು ಆ ಸದ್ದು ಕೇಳಿ ನೆಲಕ್ಕೆ ಬಿದ್ದುಬಿಟ್ರು. ಮಾರನೇ ದಿನ ಬರಲಿಲ್ಲ. ನಾವು ಮೊದಲೇ ಕೇಳ್ಬೇಕಿತ್ತು, ಕೇಳಿರ್ಲಿಲ್ಲ. ಈಗ ಕ್ವಾರಿಗೆ ಹೋಗಲ್ಲ. ಎಲ್ಲರನ್ನೂ ಮೊದಲೇ ಕೇಳ್ತೀವಿ.”

ಅತ್ತೆ ಅಳಿಯನ ಕಡೆ ತಿರುಗಿ ಹುಬ್ಬು ಏರಿಸಿದರು. ಮೂವತ್ತೊಂದು ವರ್ಷದಲ್ಲಿ ಕೌಂಟರಿನ ಯಾವ ಬದಿಯಲ್ಲೂ ‘ನಮ್ಮ ತಪ್ಪು’ ಎಂಬ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

ಜೌಗು ಎಂದರೆ ನೀರು ನಿಂತಿರಬೇಕು, ಹಕ್ಕಿ ಕೂಗಬೇಕು. ಇಲ್ಲಿ ಮಾತ್ರ ಅಗಲವಾದ ತಗ್ಗಿನಲ್ಲಿ ಒಣ ಹುಲ್ಲು, ಅಲ್ಲಲ್ಲಿ ಬಿರುಕು. ಗಂಬೂಟು ಹಾಕಿಕೊಂಡ ಗಿಡ್ಡನೆಯ ಹೆಂಗಸೊಬ್ಬರು ವಿದ್ಯಾರ್ಥಿಗಳ ನಡುವಿನಿಂದ ಬಂದರು. ಮಣ್ಣಿನ ಪಾಠ ಮಾಡುವ ಮೇಷ್ಟ್ರಮ್ಮ ಅವರೇ. ಕೈಯೆಲ್ಲ ಮಣ್ಣು, ಆದ್ದರಿಂದ ಮೊಣಕೈ ಚಾಚಿದರು. ಅಳಿಯ ಆ ಮೊಣಕೈಯನ್ನೇ ಕುಲುಕಿದ.

ನಡೆಯುತ್ತ ಅವರು ವಿಷಯ ಹೇಳತೊಡಗಿದರು, ಅವನ ಎಡಗಡೆಯಿಂದ. ಅಳಿಯ ನಾಲ್ಕು ಹೆಜ್ಜೆ ತಲೆಯಾಡಿಸಿದ. ಐದನೇ ಹೆಜ್ಜೆಗೆ ನಿಂತ. ಹಿಂದೆ ಬರುತ್ತಿದ್ದ ಅತ್ತೆಯೂ ನಿಂತರು.

“ಮೇಡಂ, ನನಗೆ ಎಡಗಿವಿ ಕೇಳಿಸಲ್ಲ. ನೀವು ಹೇಳಿದ್ದು ಒಂದೂ ಗೊತ್ತಾಗಲಿಲ್ಲ. ಈ ಕಡೆ ಬರ್ತೀರಾ?”

“ಮೊದಲೇ ಹೇಳೋದಲ್ವಾ! ಗಂಟಲು ನೋಯಿಸ್ಕೊಂಡು ಕೂಗ್ತಿದೀನಿ” ಎಂದು ಅವರು ಬಲಗಡೆಗೆ ಬಂದು, ಮೊದಲಿನಿಂದ ಶುರುಮಾಡಿದರು. ಅಷ್ಟೇ. ಆರು ವರ್ಷ ಮುಚ್ಚಿಟ್ಟ ವಿಷಯ ಅಷ್ಟರಲ್ಲೇ ಮುಗಿದುಹೋಯಿತು.

ಕಥೆ ಹೀಗಿತ್ತು. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಯಾರೋ ಈ ಜೌಗನ್ನು ಹೊಲ ಮಾಡಲು ಹೊರಟು, ನೆಲದೊಳಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಸಾಲಾಗಿ ಹೂತಿದ್ದರು. ನಿಂತ ನೀರೆಲ್ಲ ಕೊಳವೆಗೆ ಇಳಿದು ಹೊಳೆಗೆ ಹೋಗುತ್ತಿತ್ತು. ಹೊಲ ಮಾಡಿದವರು ಬಿಟ್ಟುಹೋದರೂ ಕೊಳವೆಗಳು ತಮ್ಮ ಕೆಲಸ ಬಿಟ್ಟಿರಲಿಲ್ಲ. ಮಳೆ ಎಷ್ಟೇ ಬಂದರೂ ತಿಂಗಳೊಳಗೆ ನೆಲ ಒಣಗುತ್ತಿತ್ತು. ಕೊಳವೆ ಸಿಕ್ಕಿದರೆ ಮುಚ್ಚಬಹುದು. ಆದರೆ ಅವು ಎಲ್ಲಿವೆಯೆಂಬ ನಕ್ಷೆ ಇರಲಿಲ್ಲ. ಲೋಹವಲ್ಲದ್ದರಿಂದ ಲೋಹ ಹುಡುಕುವ ಯಂತ್ರಕ್ಕೂ ಸಿಗುತ್ತಿರಲಿಲ್ಲ. ವಿದ್ಯಾರ್ಥಿಗಳು ಆ ವರ್ಷ ಹನ್ನೊಂದು ಗುಂಡಿ ತೋಡಿದ್ದರು. ಹನ್ನೊಂದರಲ್ಲೂ ಬರೀ ಮಣ್ಣು.

“ಒಂದು ಸರಳು ಇದೆಯಾ?” ಎಂದ ಅಳಿಯ. “ಆಳುದ್ದದ್ದು. ತುದಿ ಚೂಪಾಗಿರ್ಬಾರದು.”

ಜೀಪಿನಲ್ಲಿ ಒಂದಿತ್ತು. ಅವನು ಅದರ ತುದಿಯನ್ನು ಕಲ್ಲಿಗೆ ಉಜ್ಜಿ ಇನ್ನಷ್ಟು ಮೊಂಡು ಮಾಡಿಕೊಂಡ. ಮೊದಲು ನೆಲಕ್ಕೆ ಇಳಿಸಲಿಲ್ಲ. ಕಾಲು ಗಂಟೆ ಸುಮ್ಮನೆ ತಗ್ಗಿನ ಅಂಚಿನಲ್ಲಿ ನಡೆದ, ಕೂತ, ಹುಲ್ಲಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದ. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಅತ್ತೆ ಒಂದು ಕಲ್ಲಿನ ಮೇಲೆ ಕೂತು ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಆಮೇಲೆ ಅವನು ಹೊಳೆಯ ದಿಕ್ಕಿಗೆ ಅಡ್ಡವಾಗಿ ಒಂದು ಹಗ್ಗ ಕಟ್ಟಿಸಿ, ಹಗ್ಗದ ಗುಂಟ ಗೇಣಿಗೊಂದು ಸಲ ಸರಳು ಇಳಿಸುತ್ತ ಹೊರಟ. ಒತ್ತುತ್ತಿರಲಿಲ್ಲ, ಸರಳಿನ ಭಾರಕ್ಕೆ ಅಂಗೈಯ ಭಾರವನ್ನಷ್ಟೇ ಸೇರಿಸುತ್ತಿದ್ದ. ಗಟ್ಟಿ. ಗಟ್ಟಿ. ಗಟ್ಟಿ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಸಲ ಸರಳು ಸರಾಗವಾಗಿ ಇಳಿಯಿತು. ಅಲ್ಲೊಂದು ಕಡ್ಡಿ ನೆಟ್ಟ. ಎರಡು ಗೇಣು ಮುಂದೆ ಮತ್ತೆ ಗಟ್ಟಿ. ಹತ್ತು ಹೆಜ್ಜೆ ಆಚೆ ಇನ್ನೊಂದು ಹಗ್ಗ ಕಟ್ಟಿಸಿ ಅದನ್ನೇ ಮಾಡಿದ. ಮೂರನೇ ಹಗ್ಗ. ಮೂರು ಕಡ್ಡಿಗಳು ಒಂದೇ ಗೆರೆಯಲ್ಲಿ ನಿಂತವು.

“ಇದು ಕಾಲುವೆ ತೋಡಿ ಮುಚ್ಚಿದ ಜಾಗ” ಎಂದ. “ಅಗೆದು ಮುಚ್ಚಿದ ಮಣ್ಣು ಪಕ್ಕದ ಮಣ್ಣಿನಷ್ಟು ಗಟ್ಟಿಯಾಗಲ್ಲ, ಎಷ್ಟು ವರ್ಷ ಆದ್ರೂ. ಕೊಳವೆ ಇದರ ತಳದಲ್ಲಿರ್ಬೇಕು.”

ಮತ್ತೆ ಮಧ್ಯದ ಕಡ್ಡಿಯ ಬಳಿ ಸರಳನ್ನು ನೇರ ಇಳಿಸಿದ. ಸೊಂಟದಷ್ಟು ಆಳಕ್ಕೆ ಹೋಗಿ ಅದು ತಡೆಯಿತು. ಅವನು ಕಣ್ಣು ಮುಚ್ಚಿ ಎರಡು ಸಲ ಮೆತ್ತಗೆ ತಟ್ಟಿದ. “ಕಲ್ಲಲ್ಲ. ಕಲ್ಲು ಕೈಗೆ ಹೊಡೆಯುತ್ತೆ. ಬೇರೂ ಅಲ್ಲ, ಬೇರು ಬಗ್ಗುತ್ತೆ. ಇದು ಒಳಗೆ ಟೊಳ್ಳು. ಇಲ್ಲಿ ಅಗೀರಿ.”

ಅಗೆದರು. ಮುಕ್ಕಾಲು ಗಂಟೆಯಲ್ಲಿ ಕೆಂಪು ಕೊಳವೆಯ ಬೆನ್ನು ಕಂಡಿತು. ಒಂದು ಕಡೆ ಬಿರಿದಿತ್ತು. ಒಳಗೆ ತಣ್ಣನೆಯ ನೀರು ಹರಿಯುವುದು ಕಾಣುತ್ತಿತ್ತು. ಗುಂಡಿಯೊಳಗಿದ್ದ ಹುಡುಗಿಯೊಬ್ಬಳು “ಸಿಕ್ತೂ!” ಎಂದು ಕಿರುಚಿದ್ದು ಅಳಿಯನ ಎಡಗಿವಿಗೂ ಕೇಳಿಸಿರಬೇಕು. ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು. ಅತ್ತೆ ಚಪ್ಪಾಳೆ ಹೊಡೆಯಲಿಲ್ಲ. ಅವರಿಗೆ ಕನ್ನಡಕ ಒರೆಸಿಕೊಳ್ಳುವ ಕೆಲಸವಿತ್ತು. ಮದುವೆಯಾಗಿ ಹದಿನೇಳು ವರ್ಷವಾದರೂ ಅಳಿಯ ಏನು ಕೆಲಸ ಮಾಡುತ್ತಾನೆಂದು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು.

ಮೇಷ್ಟ್ರಮ್ಮ ಹೊಗಳಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಹಗ್ಗದ ನಡುವೆ ಹತ್ತೇ ಹೆಜ್ಜೆ ಯಾಕೆ? ಮೊದಲು ಅಂಚಿನಲ್ಲಿ ನಡೆದಾಗ ಏನು ನೋಡಿದಿರಿ? ಮಳೆ ಬಂದು ನೆಲ ಮೆತ್ತಗಾಗಿದ್ದರೂ ಇದು ನಡೆಯುತ್ತದೆಯೇ? ಅವನು ಉತ್ತರ ಕೊಟ್ಟಂತೆಲ್ಲ ಬರೆದುಕೊಂಡರು. ಒಂದೆರಡು ಕಡೆ ಅವನಿಗೂ ಗೊತ್ತಿರಲಿಲ್ಲ; ಗೊತ್ತಿಲ್ಲ ಎಂದ.

“ಇದನ್ನ ಒಂದು ವಿಧಾನವಾಗಿ ಬರೆದುಕೊಡ್ತೀರಾ? ಬೇರೆಯವರು ಓದಿ ಮಾಡೋ ಹಾಗೆ?”

“ಸೇರಿದ್ರೆ ಬರೀತೀನಿ.”

“ಸೇರೋದಾದ್ರೆ ಕೇಳಿ. ನಿಮ್ಮ ಸೇನೆಯ ಸರ್ವೆ ತರಬೇತೀನ ಎರಡು ವಿಷಯ ಪಾಸಾದ ಹಾಗೆ ಲೆಕ್ಕಕ್ಕೆ ಹಿಡೀತೀವಿ. ಅದು ನಿಮ್ಮ ಹಕ್ಕು, ದಯೆ ಅಲ್ಲ. ಆದ್ರೆ ನಿಮ್ಮ ರಸಾಯನಶಾಸ್ತ್ರ ಸಾಲದು. ಬಿ.ಎಸ್ಸಿ. ಎರಡನೇ ವರ್ಷದ ಮಕ್ಕಳ ಜೊತೆ ಕೂತು ಆರು ತಿಂಗಳು ಓದಿ ಪಾಸಾಗ್ಬೇಕು. ಅದರಲ್ಲಿ ಬಿಡೋ ಮಾತಿಲ್ಲ.”

“ಬಿಡ್ಬೇಡಿ” ಎಂದ ಅಳಿಯ. ಆ ಎರಡು ತಿಂಗಳಲ್ಲಿ ಯಾವ ಕಾಲೇಜಿನವರು ಆಡಿದ ಯಾವ ಮಾತಿಗೂ ಅವನ ಮುಖ ಅಷ್ಟು ಅರಳಿರಲಿಲ್ಲ.

ಆದರೆ ಮನೆಗೆ ಬಂದ ಮೇಲೆ ಅವನಿಗೇ ಅಳುಕು ಶುರುವಾಯಿತು. ನಾಲ್ಕು ಗಂಟೆ ದೂರ. ವಾರವಿಡೀ ಅಲ್ಲೇ ಇರಬೇಕು. ಇಪ್ಪತ್ತೊಂದು ವರ್ಷ ಮನೆಯಿಂದ ಹೊರಗಿದ್ದವನು, ಈಗ ತಾನೇ ಬಂದವನು, ಮತ್ತೆ ಪೆಟ್ಟಿಗೆ ಕಟ್ಟುವುದೆ? ಹತ್ತಿರದ ಗಾಜಿನ ಕಾಲೇಜಿನಿಂದ ಪ್ರವೇಶದ ಕಾಗದವೂ ಬಂದಿತ್ತು, ಜೊತೆಗೆ ಅವನದೇ ಫೋಟೋ ಇದ್ದ ಹೊಸ ಮಾಹಿತಿ ಪುಸ್ತಕ. ಅತ್ತೆ ಕೇಳಿದ್ದ ಅಂಕಿಅಂಶ ಮಾತ್ರ ಬಂದಿರಲಿಲ್ಲ.

ಹೆಂಡತಿ ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಕ್ಕೆ ಇನ್ನೂರು ಶೀಷೆಗಳಿಗೆ ಹೆಸರು ಅಂಟಿಸಿ, ಒಂದೂ ಅದಲುಬದಲಾಗದಂತೆ ನೋಡಿಕೊಳ್ಳುವವಳು. ಅವಳು ಎರಡೂ ಕಾಲೇಜಿನ ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದು ಸಾಲೂ ಓದಿದಳು.

“ಹತ್ತಿರದ್ದಕ್ಕೆ ಸೇರಿದ್ರೆ ದಿನಾ ಮನೆಗೆ ಬರ್ತೀರಿ” ಎಂದಳು.

“ಹೌದು.”

“ಅವತ್ತು ಅಲ್ಲಿಂದ ಬಂದಾಗ ನಿಮ್ಮ ಮುಖ ನೋಡೋ ಹಾಗಿರ್ಲಿಲ್ಲ. ದಿನಾ ಆ ಮುಖ ತಗೊಂಡು ಬರೋದಕ್ಕಿಂತ, ವಾರಕ್ಕೊಂದ್ಸಲ ನೆಟ್ಟಗೆ ಬನ್ನಿ.”

“ಮಗಳು?”

ಅಷ್ಟು ಹೊತ್ತು ಗಣಿತ ಮಾಡುತ್ತಿರುವಂತೆ ನಟಿಸುತ್ತಿದ್ದ ಮಗಳು ತಲೆ ಎತ್ತಿದಳು. “ಅಪ್ಪಾ, ನಾನು ಫ್ರೆಂಡ್ಸಿಗೆಲ್ಲ ಹೇಳಿಬಿಟ್ಟಿದೀನಿ, ನಮ್ಮಪ್ಪ ಜೌಗು ರಿಪೇರಿ ಮಾಡ್ತಾರೆ ಅಂತ. ಈಗ ಬದಲಾಯಿಸ್ಬೇಡ.”

“ಅಜ್ಜಿ ಏನಂತಾರೆ?” ಎಂದ ಅಳಿಯ.

ಅತ್ತೆ ದೂರದ ಕಾಲೇಜಿನ ಅರ್ಜಿ ನಮೂನೆಯನ್ನು ಅವನ ಮುಂದೆ ತಳ್ಳಿ, ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು. ‘ಅಂಗವೈಕಲ್ಯವೇನಾದರೂ ಇದೆಯೇ’ ಎಂಬ ಸಾಲಿನ ಮುಂದೆ ಅವನು ಒಂದು ಕ್ಷಣವೂ ತಡೆಯದೆ ‘ಎಡಗಿವಿ ಕೇಳಿಸುವುದಿಲ್ಲ’ ಎಂದು ಬರೆದ. ಅವರು ಪ್ರತಿ ಪುಟವನ್ನೂ ನೋಡಿ, ಎಂದಿನ ದನಿಯಲ್ಲಿ “ಇಲ್ಲೊಂದು ಸಹಿ ಬಿಟ್ಟಿದೀರಿ” ಅಂದರು.

ಅಳಿಯ ಸೇರಿದ. ಮೊದಲ ಆರು ತಿಂಗಳು ಸುಲಭವಿರಲಿಲ್ಲ. ಹತ್ತೊಂಬತ್ತು ವರ್ಷದವರ ನಡುವೆ, ಮೊದಲ ಸಾಲಿನ ಎಡತುದಿಯಲ್ಲಿ, ಬಲಗಿವಿ ಮೇಷ್ಟ್ರ ಕಡೆಗಿರುವ ಹಾಗೆ ಕೂತು ರಸಾಯನಶಾಸ್ತ್ರ ಓದಿದ. ಮೊದಲ ಪರೀಕ್ಷೆಯಲ್ಲಿ ಫೇಲಾದ. ಆ ವಾರ ಮನೆಗೆ ಬಂದವನು ಮಗಳ ಮುಂದೆಯೇ ಅಂಕಪಟ್ಟಿ ಮೇಜಿನ ಮೇಲಿಟ್ಟ, ಬಚ್ಚಿಡಲಿಲ್ಲ. ಹೆಂಡತಿ ಲ್ಯಾಬಿನಿಂದ ಬಂದು ಅವನಿಗೆ ಆಮ್ಲ, ಕ್ಷಾರಗಳ ಪಾಠ ಹೇಳಿಕೊಟ್ಟಳು. ಎರಡನೇ ಪರೀಕ್ಷೆಯಲ್ಲಿ ಅರವತ್ತೆಂಟು ಬಂತು. ಆಸ್ಪತ್ರೆಯಲ್ಲಿ ಯಾರೋ “ನಿಮ್ಮನೆಯವರು ಈಗ ಏನ್ ಮಾಡ್ಕೊಂಡಿದಾರೆ?” ಎಂದಾಗ ಅವಳು ಶೀಷೆಗೆ ಹೆಸರು ಅಂಟಿಸುತ್ತಲೇ, “ಎಂ.ಎಸ್ಸಿ. ಓದ್ತಿದಾರೆ. ಮಣ್ಣು ನೀರಿನ ಡಿಪಾರ್ಟ್‌ಮೆಂಟು” ಎಂದಳಂತೆ, ಬೇಕೆಂದೇ ಪಕ್ಕದ ಟೇಬಲ್ಲಿಗೂ ಕೇಳಿಸುವಷ್ಟು ಜೋರಾಗಿ.

ಆ ಬೇಸಿಗೆಯಲ್ಲಿ ಅವನೂ ಇಪ್ಪತ್ತು ವಿದ್ಯಾರ್ಥಿಗಳೂ ಸೇರಿ ಜೌಗಿನ ಕೊಳವೆಗಳ ಸಾಲು ಪೂರ್ತಿ ಗುರುತಿಸಿದರು. ಒಟ್ಟು ಏಳು ಸಾಲು. ಮೇಷ್ಟ್ರಮ್ಮ ತೋರಿಸಿದ ಜಾಗಗಳಲ್ಲಿ ಕೊಳವೆ ಒಡೆದು, ಜೇಡಿಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿದರು. ಅವನು ಬರೆದ ವಿಧಾನ ಒಂಬತ್ತು ಪುಟವಾಯಿತು. ಅದನ್ನು ಅಚ್ಚಿಗೆ ಕೊಡುವ ಮೊದಲು ಅತ್ತೆಗೆ ಕಳಿಸಿದ್ದ. ಅವರು ಮೂವತ್ತೆರಡು ಕಾಗುಣಿತದ ತಪ್ಪು ಗುರುತು ಮಾಡಿ, ಕೊನೆಯಲ್ಲಿ ‘ವಿಷಯ ಸ್ಪಷ್ಟವಾಗಿದೆ’ ಎಂದು ಬರೆದು ವಾಪಸು ಕಳಿಸಿದರು. ಅದು ಅವರ ಕಡೆಯಿಂದ ದೊಡ್ಡ ಮಾತು.

ಮಳೆ ಬಂದು ಹೋಗಿ ಎರಡು ತಿಂಗಳಾದ ಮೇಲೆ ಹಡಗಿನಕ್ಕ ಎಲ್ಲರನ್ನೂ ಕರೆದಳು. ಅತ್ತೆ, ಮಗಳು, ಮೊಮ್ಮಗಳು ಒಂದೇ ಬಸ್ಸಿನಲ್ಲಿ ಹೋದರು. ತಗ್ಗಿನ ಅಂಚಿಗೆ ಬಂದಾಗ ಮೂವರೂ ನಿಂತು ನೋಡಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ನೀರು ನಿಂತಿತ್ತು. ಆಳವೇನಲ್ಲ, ಮೊಣಕಾಲಷ್ಟು, ಅದರೊಳಗಿಂದ ಹಸಿರು ಜೊಂಡು ತಲೆ ಎತ್ತಿತ್ತು. ಎಲ್ಲಿಂದಲೋ ಬಂದ ಉದ್ದ ಕಾಲಿನ ಹಕ್ಕಿಗಳು ಒಂದೊಂದೇ ಹೆಜ್ಜೆ ಎತ್ತಿಡುತ್ತಿದ್ದವು. ಆಚೆ ದಡದಲ್ಲಿ ಅಳಿಯ ಹೊಸ ವಿದ್ಯಾರ್ಥಿಗಳಿಗೆ ಏನೋ ವಿವರಿಸುತ್ತಿದ್ದ. ಅವರೆಲ್ಲ ಅವನ ಬಲಗಡೆ ಗುಂಪಾಗಿ ನಿಂತಿದ್ದರು. ನೀರಿನ ಮೇಲಿಂದ ಅವನ ದನಿ ಸ್ಪಷ್ಟವಾಗಿ ತೇಲಿಬರುತ್ತಿತ್ತು.

“ಅಜ್ಜಿ, ನೋಡು, ಅಪ್ಪ ಪಾಠ ಮಾಡ್ತಿದಾರೆ!” ಎಂದು ಮೊಮ್ಮಗಳು ಎರಡೂ ಕೈ ಎತ್ತಿ ಬೀಸಿದಳು.

ಅತ್ತೆ ಹತ್ತಿರದಿಂದ ನೋಡಬೇಕೆಂದು ಹೋಗಿ ಕೆಸರಿನಲ್ಲಿ ಪಾದ ಮುಳುಗುವವರೆಗೆ ಹೂತುಕೊಂಡರು. ಮಗಳು ಕೈ ಹಿಡಿದು ಎಳೆಯಲು ಬಂದರೆ, ಬೇಡ ಎಂದು ಅಲ್ಲೇ ನಿಂತರು.

“ಮೂವತ್ತೊಂದು ವರ್ಷ ಅರ್ಜಿ ಇಸ್ಕೊಂಡೆ ಕಣೇ” ಅಂದರು. “ಸಾವಿರಾರು ಜನರದ್ದು. ಸೇರಿದ್ರಾ, ಮುಗಿಸಿದ್ರಾ ಅಷ್ಟೇ ಗೊತ್ತಾಗ್ತಿತ್ತು. ಕಲಿತು ಏನು ಮಾಡಿದ್ರು ಅಂತ ಒಂದ್ಸಲಾನೂ ಹೋಗಿ ನೋಡಿರ್ಲಿಲ್ಲ.”

ಆಚೆ ದಡದಿಂದ ಅಳಿಯ ಇವರನ್ನು ಕಂಡು, ಸರಳನ್ನು ವಿದ್ಯಾರ್ಥಿಯೊಬ್ಬನ ಕೈಗೆ ಕೊಟ್ಟು, ನೀರಿನ ಅಂಚು ಸುತ್ತಿಕೊಂಡು ಬರತೊಡಗಿದ. ಅವನು ಬರುವಷ್ಟರಲ್ಲಿ ಅತ್ತೆ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಪರಿಚಿತರಿಬ್ಬರಿಗೆ ಕೊಳವೆಗಳ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದ್ದರು.